ಅವ್ವಾರು ಅನ್ನ ಬಿಟ್ಟ ಕಾರಣ

ಕೆಂಪಗುಡ್ಡದ ಮಠದಲ್ಲಿ ಬೆಳ್ಳಿಯ ಕಾಲಿನ ಪೀಠವೊಂದಿದೆ. ಪೂಜ್ಯ ಮಾತೋಶ್ರೀ ಸಿದ್ಧಾಂಬಿಕೆಯವರು ಆ ಮಠದ ಅಧಿಕಾರ ವಹಿಸಿಕೊಂಡ ಮೇಲೆ ಒಂದು ದಿನವೂ ಅದರ ಮೇಲೆ ಕುಳಿತವರಲ್ಲ. ಪೀಠದ ಮೇಲೆ ಹಿಂದಿನ ಗುರುಗಳ ಪಾದುಕೆಗಳನ್ನಿಟ್ಟು ನಿತ್ಯ ಹೂವೇರಿಸುತ್ತಿದ್ದರು. ತಾವು ಕೂಡುತ್ತಿದ್ದುದು ಹಿತ್ತಲ ಪಡಸಾಲೆಯಲ್ಲಿ, ಮಡಿಸಿದ ಗೋಣಿತಾಟಿನ ಮೇಲೆ, ನೂಲಿನ ರಾಟೆಯ ಮುಂದೆ. ಕೆಂಪಗುಡ್ಡ ಕುಪ್ಪಸದ ಖಣಕ್ಕೆ ಹೆಸರಾದ ನೇಕಾರರ ಊರು. ಮನೆಮನೆಯಲ್ಲೂ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಮಾತೋಶ್ರೀಯವರೂ ನೇಕಾರರ ಮನೆಯಲ್ಲೇ ಹುಟ್ಟಿದವರು. ಊರಿನವರ ಬಾಯಲ್ಲಿ ಅವರು ಬರಿಯ 'ಅವ್ವಾರು'. ದರ್ಶನಕ್ಕೆ ಬಂದವರು ಕಾಲಿಗೆರಗಿ ಏಳುವಷ್ಟರಲ್ಲಿ ಅವರ ಕೈಗೂ ಒಂದು ಲಡಿ ನೂಲು ಕೊಟ್ಟು, ಸಿಕ್ಕು ಬಿಡಿಸುತ್ತ ಮಾತಾಡಿರೆಂದು ಹೇಳುತ್ತಿದ್ದರು.

ಅವ್ವಾರು ಅನ್ನ ಉಣ್ಣುತ್ತಿರಲಿಲ್ಲ. ಹಬ್ಬವಿರಲಿ, ಗುರುಗಳ ಪುಣ್ಯತಿಥಿಯಿರಲಿ, ಪಂಕ್ತಿಗೆಲ್ಲ ಅನ್ನ ಬಡಿಸಿದರೂ ಅವರ ಎಲೆಗೆ ಒಂದು ಜೋಳದ ರೊಟ್ಟಿ, ಒಂದಿಷ್ಟು ಪಲ್ಯ. ಭಕ್ತರಿಗೆ ಇದು ದೊಡ್ಡ ಹೆಮ್ಮೆಯಾಗಿತ್ತು. ನಮ್ಮ ಅವ್ವಾರದು ಅನ್ನತ್ಯಾಗದ ವ್ರತ ಎಂದು ಪರವೂರಿನವರ ಮುಂದೆ ಹೇಳಿಕೊಂಡು ಮೆರೆಯುತ್ತಿದ್ದರು. ಕನಸಿನಲ್ಲಿ ದೇವಿ ಬಂದು ಅಪ್ಪಣೆ ಕೊಡಿಸಿದಳೆಂದು ಕೆಲವರು, ಊರಿಗೆ ಮಳೆ ಬರಲೆಂದು ಹರಕೆ ಹೊತ್ತರೆಂದು ಕೆಲವರು, ಹೀಗೆ ಬಾಯಿಗೊಂದು ಕಥೆ. ನಿಜವಾದ ಕಾರಣವನ್ನು ಅವರ ಮುಂದೆ ಕುಳಿತು ಕೇಳಿದವರು ಒಬ್ಬರೂ ಇರಲಿಲ್ಲ.

ಅನ್ನ ಬಿಟ್ಟ ವರ್ಷವೇ ಅವ್ವಾರು ಮಠದ ಕಣಜವನ್ನು ಖಾಲಿ ಮಾಡಿಸಿದರು. ಭತ್ತ, ಅಕ್ಕಿ ತುಂಬುತ್ತಿದ್ದ ಆ ದೊಡ್ಡ ಕೋಣೆಗೆ ಕಿಟಕಿ ಇಡಿಸಿ, ಸುಣ್ಣ ಹೊಡೆಸಿ, ನಾಲ್ಕಾರು ಮಗ್ಗ ಹೂಡಿಸಿದರು. ಗಂಡನ ಮನೆಯಲ್ಲಿ ಏಟು ತಿಂದು ಬಂದ ಹೆಣ್ಣುಮಕ್ಕಳಿಗೆ ಅಲ್ಲಿ ಇರಲು ಜಾಗ, ಉಣ್ಣಲು ಊಟ, ಕೈಗೊಂದು ಕೆಲಸ. ಅದಕ್ಕೆ ಅವರಿಟ್ಟ ಹೆಸರು ತವರುಮನೆ. ಬಂದವರನ್ನು ಮೊದಲು ಡಾಕ್ಟರ ಹತ್ತಿರ, ಆಮೇಲೆ ಪೊಲೀಸ್ ಠಾಣೆಗೆ ಅವ್ವಾರು ತಾವೇ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಅಲ್ಲಿದ್ದ ಫೌಜದಾರ, ಮಠದವರು ಪೂಜೆ ಮಾಡಿಕೊಂಡಿರಬೇಕು, ಸಂಸಾರಸ್ಥರ ಜಗಳದಲ್ಲಿ ತಮಗೇನು ಕೆಲಸ ಎಂದು ನಕ್ಕನಂತೆ. ಅವ್ವಾರು ಠಾಣೆಯ ನೆಲದ ಮೇಲೆಯೇ ಕುಳಿತು, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ತೊಡಗಿದರು. ದೂರು ಬರೆದುಕೊಳ್ಳುವ ತನಕ ಆ ಪೂಜೆ ಮುಗಿಯಲಿಲ್ಲ. ಠಾಣೆಯ ಮುಂದೆ ಜನ ಜಾತ್ರೆಯಂತೆ ನೆರೆದಿದ್ದರು, ಫೌಜದಾರನಿಗೆ ತನ್ನ ಕುರ್ಚಿಯಲ್ಲಿ ಕೂಡಲು ಮುಖವಿರಲಿಲ್ಲ.

ಇಂಥ ಕೆಲಸಕ್ಕೆ ಊರು ಕೈಮುಗಿಯಬೇಕಿತ್ತು. ಮುಗಿಯಲಿಲ್ಲ. ಬೆಳ್ಳಿಯ ಪಾದುಕೆಗೆ ಅಡ್ಡಬೀಳುವವರಿಗೆ ಬೆನ್ನ ಮೇಲೆ ಬರೆಯೆದ್ದ ಹೆಣ್ಣುಮಗಳು ಮಠದ ಮೆಟ್ಟಿಲೇರುವುದು ಮಾತ್ರ ಮೈಲಿಗೆಯಾಗಿ ಕಂಡಿತು. ಮಠ ಹೋಗಿ ಗಂಡ ಬಿಟ್ಟವರ ಛತ್ರವಾಯಿತು ಎಂದು ಆಡಿಕೊಂಡರು. ತವರುಮನೆಯಲ್ಲಿ ನೇಯ್ದ ಖಣವನ್ನು ಪೇಟೆಯ ಅಂಗಡಿಯವರು ಕೊಳ್ಳದಂತೆ ಒಳಗೊಳಗೇ ಮಾಡಿದರು. ಇದರಲ್ಲೆಲ್ಲ ಮುಂದಾಳಾಗಿ ನಿಂತವನು ನೇಕಾರ ಪಂಚರಲ್ಲಿ ಹಿರಿಯನಾದ ರಾಚಪ್ಪ. ಊರು ಅವನನ್ನು ರಾಚಪ್ಪನವರೆಂದೇ ಕರೆಯುತ್ತಿತ್ತು. ನಾವು ಆ 'ಅವರು'ವನ್ನು ಸದ್ಯ ತೆಗೆದಿಟ್ಟಿರೋಣ. ಅವನು ಅದನ್ನು ಗಳಿಸಿದ ದಿನ ಕೊಡಬಹುದು.

ರಾಚಪ್ಪ ಕೆಟ್ಟವನೇನಲ್ಲ. ಮನೆಯಲ್ಲಿ ಹೆಂಡತಿಗೆ ಕೈಯೆತ್ತಿದವನಲ್ಲ. ಅವನ ಮಗ್ಗದ ಖಣವೆಂದರೆ ಪೇಟೆಯಲ್ಲಿ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಆದರೆ ಪಂಚರ ಕಟ್ಟೆಯ ಮೇಲೆ ಕುಳಿತನೆಂದರೆ ಅವನಿಗೆ ಮನುಷ್ಯರು ಕಾಣುತ್ತಿರಲಿಲ್ಲ, ಬರಿಯ ಮನೆತನಗಳು ಕಾಣುತ್ತಿದ್ದವು. ಮನೆತನ ಒಡೆಯಬಾರದು. ಗಂಡನ ಮನೆಯಿಂದ ಓಡಿಬಂದ ಹೆಣ್ಣುಮಗಳು ತವರಿನಲ್ಲಿ ಉಳಿದರೆ ಎರಡು ಮನೆತನ ಒಡೆಯುತ್ತವೆ. ಅದಕ್ಕೆ ಒಂದೇ ತೀರ್ಪು: ಉಡಿ ತುಂಬಿ ಕಳಿಸಿರಿ.

ಉಡಿ ತುಂಬುವುದು ಎಂಥ ಚೆಂದದ ಶಾಸ್ತ್ರ! ಮಗಳು ಗಂಡನ ಮನೆಗೆ ಹೊರಟಾಗ, ಬಸುರಿಯಾದಾಗ, ಪಂಚಮಿಗೆ ಬಂದು ತಿರುಗಿ ಹೋಗುವಾಗ, ಅವಳು ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ನಿಲ್ಲುತ್ತಾಳೆ. ಮುತ್ತೈದೆಯರು ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಖಣ ಇಟ್ಟು ಹರಸುತ್ತಾರೆ. ಅವಳು ಅದನ್ನು ಸೆರಗಿನಲ್ಲೇ ಗಂಟುಕಟ್ಟಿ ಹೊಟ್ಟೆಗೆ ಒತ್ತಿಕೊಂಡು ಹೊರಡುತ್ತಾಳೆ. ಕೆಂಪಗುಡ್ಡದಲ್ಲಿ ಈ ಅಕ್ಕಿಯಲ್ಲಿ ಒಂದು ಹಿಡಿ ಮಠದ್ದಾಗಿರಬೇಕು, ಅದೂ ಗುರುಪೀಠದವರ ಕೈಯಿಂದ ಬಂದದ್ದಾಗಿರಬೇಕು. ಈ ಶಾಸ್ತ್ರವನ್ನು ಪಂಚರು ಹೊಡೆತದ ಮೇಲೆ ಹಾಕುವ ಬೀಗ ಮಾಡಿಕೊಂಡರು. ಮಠದ ಅಕ್ಕಿಯಿಂದ ಉಡಿ ತುಂಬಿತೆಂದರೆ ಗುರುವಿನ ಅಪ್ಪಣೆಯೇ ಆದಂತೆ. ಆಮೇಲೆ ಆ ಹೆಣ್ಣುಮಗಳು ಮತ್ತೆ ತವರಿನ ಹೊಸ್ತಿಲು ತುಳಿದು ಗಂಡನ ಮೇಲೆ ದೂರು ಹೇಳುವಂತಿಲ್ಲ. ಹೇಳಿದರೆ ಕೇಳುವವರಿಲ್ಲ.

ಹೀಗೆ ಕಳಿಸಿದ ಹೆಣ್ಣುಮಕ್ಕಳಲ್ಲಿ ನಿಂಬವ್ವ ಒಬ್ಬಳು. ರೊಟ್ಟಿ ಬಡಿದು ಬದುಕುತ್ತಿದ್ದ ಚಂದವ್ವನೆಂಬ ವಿಧವೆಯ ಒಬ್ಬಳೇ ಮಗಳು. ಗಂಡನ ಮನೆ ಅದೇ ಊರಿನ ಕೆಳಗಿನ ಓಣಿಯಲ್ಲಿ. ಪ್ರತಿ ಸಲ ಮೈಯೆಲ್ಲ ಬಾತುಕೊಂಡು ತಾಯಿಯ ಗುಡಿಸಲಿಗೆ ಓಡಿಬರುತ್ತಿದ್ದಳು, ಪ್ರತಿ ಸಲ ರಾಚಪ್ಪ ಉಡಿ ತುಂಬಿಸಿ ಕಳಿಸುತ್ತಿದ್ದ. ಕೊನೆಯ ಸಲ ಉಡಿ ತುಂಬಿ ಹೋದವಳ ಹೆಣ ಮರುದಿನ ಓಣಿಯ ಬಾವಿಯಲ್ಲಿ ತೇಲಿತು. ಠಾಣೆಯವರು ಬಂದಾಗ ಪಂಚರ ಪರವಾಗಿ ಮುಂದೆ ನಿಂತು, ನೀರು ಸೇದುವಾಗ ಕಾಲು ಜಾರಿ ಬಿದ್ದಳೆಂದು ಹೇಳಿದವನು ರಾಚಪ್ಪನೇ. ಅವನು ಅದನ್ನು ಕಣ್ಣಾರೆ ಕಂಡವನಲ್ಲ, ಅವನಿಗೆ ಅದರ ಮೇಲೆ ನಂಬಿಕೆಯೂ ಇರಲಿಲ್ಲ. ಊರಿನ ಮರ್ಯಾದೆ ಉಳಿಯಲೆಂದು ಹೇಳಿದ. ಆ ಮಾತು ನಿಂತಿತು, ಚಂದವ್ವನ ಅಳು ನಿಲ್ಲಲಿಲ್ಲ. ಅಂದಿನಿಂದ ರಾಚಪ್ಪ ಅವಳ ಗುಡಿಸಲಿದ್ದ ಸಂದಿಯಲ್ಲಿ ಹಾಯುವುದನ್ನು ಬಿಟ್ಟ.

ಇನ್ನು ಅವನ ಮಗಳ ಮಾತು. ಬನಶಂಕರಿಯೆಂದು ದೇವಿಯ ಹೆಸರಿಟ್ಟು ಬನವ್ವ ಎಂದು ಕರೆಯುತ್ತಿದ್ದ ಒಬ್ಬಳೇ ಮಗಳನ್ನು ಹತ್ತಿರದ ಪೇಟೆಯ ನೂಲಿನ ವ್ಯಾಪಾರಿ ವಿರೂಪಾಕ್ಷಿಗೆ ಕೊಟ್ಟಿದ್ದ. ಅಳಿಯನ ಮಾತು ಮೃದು, ಉಡುಪು ಅಚ್ಚುಕಟ್ಟು, ಮಾವನ ಕಾಲು ಮುಟ್ಟದೆ ಕೂಡುತ್ತಿರಲಿಲ್ಲ. ಮಗಳು ಬರಬರುತ್ತ ಸೊರಗುತ್ತಿದ್ದಾಳೆಂದು ತಾಯಿ ಗುರವ್ವ ಹೇಳಿದಾಗಲೆಲ್ಲ ರಾಚಪ್ಪ, ಹೊಸ ಸಂಸಾರ, ಹೊಂದಿಕೊಳ್ಳುತ್ತಾಳೆ ಎಂದು ಬಾಯಿ ಮುಚ್ಚಿಸುತ್ತಿದ್ದ.

ಶ್ರಾವಣದ ಒಂದು ಬೆಳಗ್ಗೆ ವಿರೂಪಾಕ್ಷಿ ಬಂದು ನಿಂತ. ಬನವ್ವ ನಿನ್ನೆ ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದಾಳೆ, ಇಲ್ಲಿದ್ದಾಳೇನು ಎಂದು ಕೇಳಿದ. ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಿಳಿಯಿತು: ಬನವ್ವ ಮಠದ ತವರುಮನೆಯಲ್ಲಿದ್ದಾಳೆ. ರಾಚಪ್ಪನ ಮುಖ ಕೆಂಪೇರಿತು. ಬಸ್ ಸ್ಟ್ಯಾಂಡಿನಿಂದ ಮಠಕ್ಕೆ ಹೋಗುವ ದಾರಿ ಅವನ ಮನೆಯ ಕಟ್ಟೆಯ ಮುಂದೆಯೇ ಹಾದುಹೋಗುತ್ತದೆ. ಹುಟ್ಟಿದ ಮನೆಯ ಬಾಗಿಲನ್ನು ದಾಟಿ ಮಗಳು ಬೇರೆ ಬಾಗಿಲು ಬಡಿದಿದ್ದಾಳೆ. ಅಳಿಯನ ಮುಂದೆ, ಊರ ಮುಂದೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ? ಮಗಳಿಗೆ ಏನಾಗಿದೆಯೆಂಬ ಯೋಚನೆ ಅವನಿಗೆ ಬರಲೇ ಇಲ್ಲ. ನಾಚಿಕೆಗೇಡಿನ ಮಾತು, ಆದರೆ ನಿಜವಾದ ಮಾತು.

ಅವನು ತಲೆಗೆ ಪಟಗ ಸುತ್ತಿಕೊಂಡು, ಇನ್ನಿಬ್ಬರು ಪಂಚರನ್ನು ಕರೆದು, ಅಳಿಯನನ್ನು ಹಿಂದಿಟ್ಟುಕೊಂಡು ಹೊರಟ. ಉಡಿಯ ಸಾಮಾನು ತೆಗೆದುಕೊಂಡು ಬಾ ಎಂದು ಹೆಂಡತಿಗೆ ಹೇಳಿದ. ಗುರವ್ವ ಹರಿವಾಣದಲ್ಲಿ ಅಕ್ಕಿ, ಕೊಬ್ಬರಿ, ಖಣ ಹೊತ್ತು, ಅಳುತ್ತಲೇ ಹಿಂದೆ ನಡೆದಳು.

ಪರವೂರಿಗೆ ಹೋದ ಡಾಕ್ಟರು ತಿರುಗಿ ಬರುವ ದಾರಿ ಕಾಯುತ್ತ, ಅವ್ವಾರು ಎಂದಿನಂತೆ ರಾಟೆಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕಣಜದ ಕೋಣೆಯಿಂದ ಮಗ್ಗಗಳ ಸಪ್ಪಳ ಬರುತ್ತಿತ್ತು. ಬಂದವರನ್ನು ಕೂಡಿರೆಂದು ಹೇಳಿ, ಬೆಲ್ಲ ನೀರು ತರಿಸಿದರು. ರಾಚಪ್ಪ ಬೆಲ್ಲವನ್ನು ಮುಟ್ಟಲಿಲ್ಲ. ನಿಂತೇ ಮಾತಾಡಿದ. ಹಿಂದಿನ ಗುರುಗಳ ಕಾಲದಲ್ಲಿ ಈ ಮಠ ಹೇಗಿತ್ತು, ಈಗ ಹೇಗಾಗಿದೆ ಎಂದು ಬಹಳ ಹೇಳಿದ. ಒಂದು ಮನೆಯ ಮಾತು ಆ ಮನೆಯ ಗೋಡೆಯೊಳಗೆ ಇರಬೇಕು, ಪಂಚರೆಂಬವರು ಇರುವುದು ಯಾಕೆ, ಹೀಗೆ ಬಂದವರಿಗೆಲ್ಲ ಬಾಗಿಲು ತೆರೆದರೆ ಊರಿನಲ್ಲಿ ಒಂದು ಸಂಸಾರವಾದರೂ ನಿಂತೀತೆ ಎಂದು ಕೇಳಿದ. ಇನ್ನಿಬ್ಬರು ಪಂಚರು ಹೂಂಗುಟ್ಟಿದರು.

"ಅವ್ವಾರ, ಮಠ ಅಂಬೂದು ಪೂಜಾಕ್ಕ. ನಮ್ಮ ಹೆಣ್ಣಮಕ್ಕಳನ್ನ ನಮ್ಮ ಕೈಯಾಗಿಂದ ಕಸಗೊಳ್ಳಾಕಲ್ಲ."

ಅವ್ವಾರು ನೂಲಿನ ಎಳೆಯಿಂದ ಕಣ್ಣೆತ್ತಲಿಲ್ಲ. "ಕಸಗೊಂಡಿಲ್ಲ. ಬಾಗಲಾ ತೆರದಿಟ್ಟೀನಿ."

ಹಾಗಾದರೆ ಕಳಿಸಿಕೊಡಿರಿ ಎಂದ ರಾಚಪ್ಪ. ಅಳಿಯ ದೊಡ್ಡ ಮನಸ್ಸು ಮಾಡಿ ಕರೆದುಕೊಂಡು ಹೋಗಲು ಬಂದಿದ್ದಾನೆ, ಅವನ ಕಡೆಯಿಂದ ಏನೂ ತಕರಾರಿಲ್ಲ. ಉಡಿಯ ಸಾಮಾನು ತಂದಿದ್ದೇವೆ, ತಾವು ಒಂದು ಹಿಡಿ ಅಕ್ಕಿ ಹಾಕಿ ಹರಸಿದರೆ ಮುಗಿಯಿತು. ಅವ್ವಾರು ಒಲ್ಲೆನೆನ್ನುತ್ತಾರೆ, ಆಗ ಊರನ್ನು ಕೂಡಿಸಿ ಈ ತವರುಮನೆಗೆ ಬೀಗ ಹಾಕಿಸಬಹುದು ಎಂಬುದು ಅವನ ಲೆಕ್ಕವಾಗಿತ್ತು.

"ಆಗಲಿ," ಎಂದರು ಅವ್ವಾರು. "ಉಡಿ ತುಂಬೂಣು."

ಕೋಣೆಯಲ್ಲಿ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಅವ್ವಾರು ಎದ್ದು ಒಳಗೆ ಹೋದರು. ಬನವ್ವನ ತಲೆಯ ಮೇಲೆ ಕೈಯಿಟ್ಟು ಅವರು ಮೆಲ್ಲಗೆ ಏನೋ ಕೇಳಿದರು, ಅವಳು ಬಹಳ ಹೊತ್ತಿನ ಮೇಲೆ ಆಗಲೆಂದು ತಲೆಯಾಡಿಸಿದಳು ಎಂದು ಒಳಗಿದ್ದ ಹೆಂಗಸರು ಆಮೇಲೆ ಹೇಳಿದ್ದುಂಟು. ಅವರ ಹಿಂದೆಯೇ ಬನವ್ವ ಹೊರಗೆ ಬಂದು ಪಡಸಾಲೆಯ ನಡುವೆ ನಿಂತಳು. ತಲೆ ತುಂಬ ಸೆರಗು, ಮುಖ ಕಾಣದಷ್ಟು. ಗುರವ್ವ ಹರಿವಾಣ ಹಿಡಿದು ಮುಂದೆ ಬಂದು, ಮಠದ ಹಿಡಿಯಕ್ಕಿಗಾಗಿ ಅವ್ವಾರ ಕೈಯ ಕಡೆ ನೋಡಿದಳು.

ಉಡಿಗೆ ಕೊಡಲು ಮಠದಲ್ಲಿ ಅಕ್ಕಿಯಿಲ್ಲ, ನಿಮ್ಮ ಮನೆಯ ಅಕ್ಕಿಯೇ ಸಾಕು ಎಂದರು ಅವ್ವಾರು. ಆಮೇಲೆ ಗುರವ್ವನ ಕೈಯಿಂದ ಹರಿವಾಣವನ್ನು ತೆಗೆದುಕೊಂಡು ರಾಚಪ್ಪನ ಮುಂದೆ ಹಿಡಿದರು.

"ನೀವು ತುಂಬ್ರಿ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡಸು ಉಡಿ ತುಂಬುವುದನ್ನು ಕಂಡವರು ಯಾರು, ಕೇಳಿದವರು ಯಾರು? ಅದು ಮುತ್ತೈದೆಯರ ಶಾಸ್ತ್ರ ಎಂದು ರಾಚಪ್ಪ ಗೊಣಗಿದ.

ಅವ್ವಾರು ಆಗ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದರು. "ತೀರ್ಪು ಹೇಳವರು ನೀವು. ಕಳಸವರು ನೀವು. ಪಾಪ ಮಾತ್ರ ಹೆಂಗಸರ ಕೈಲೆ ಯಾಕ ಮಾಡಸ್ತೀರಿ, ರಾಚಪ್ಪನವರ?"

ರಾಚಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇದಕ್ಕೆ ಹೆದರುವವನು ತಾನಲ್ಲ ಎಂದು ತೋರಿಸಲಿಕ್ಕಾಗಿಯೇ ಹರಿವಾಣಕ್ಕೆ ಕೈಹಾಕಿ ಬೊಗಸೆ ತುಂಬ ಅಕ್ಕಿ ತೆಗೆದ. ಬನವ್ವ ಸೆರಗು ಒಡ್ಡಿದಳು. ಅವನು ಸುರಿದ. ಅಕ್ಕಿ ಸೆರಗಿಗೆ ಬಿದ್ದು, ಎಡಗಡೆಯಿಂದ ಜಾರಿ, ಪೂರಾ ನೆಲಕ್ಕೆ ಹೋಯಿತು.

ಉಡಿಯಕ್ಕಿ ಚೆಲ್ಲಿದರೆ ಅಪಶಕುನ. ಗುರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸರಿಯಾಗಿ ಎತ್ತಿ ಹಿಡಿ ಎಂದು ರಾಚಪ್ಪ ಗದರಿದ. ಬನವ್ವ ಬಲಗೈಯಲ್ಲಿ ಸೆರಗಿನ ಒಂದು ತುದಿಯನ್ನು ಬಿಗಿಯಾಗಿ ಹಿಡಿದಳು. ಇನ್ನೊಂದು ತುದಿಯನ್ನು ಎಡಗೈಯ ಮೇಲೆ ಹೇರಿಕೊಂಡು ಮೇಲೆತ್ತಿದಳು. ಅವನು ಮತ್ತೆ ಒಂದು ಬೊಗಸೆ ಹಾಕಿದ. ಅದೂ ನೆಲದ ಪಾಲಾಯಿತು.

"ಬೇಕಂತ ಚೆಲ್ಲಾಕತ್ತಾಳ್ರಿ ಮಾವಾರ," ಎಂದ ವಿರೂಪಾಕ್ಷಿ, ಅದೇ ಮೃದುವಾದ ದನಿಯಲ್ಲಿ. "ಮನ್ಯಾಗೂ ಹಿಂಗ. ಒಂದ ಸಲ ಹೇಳಿದ್ರ ತಿಳಿಯಂಗಿಲ್ಲ ಆಕಿಗೆ."

ರಾಚಪ್ಪ ಮೂರನೆಯ ಸಲ ಅಕ್ಕಿಗೆ ಕೈಹಾಕಿದವನು ಹಾಗೆಯೇ ನಿಂತ. ಸೆರಗಿನ ಕೆಳಗಿದ್ದ ಆ ಎಡಗೈ ಅವನ ಕಣ್ಣಿಗೆ ಬಿದ್ದಿತ್ತು. ನಡುವಿನ ಬೆರಳುಗಳು ಬಾತು ನೀಲಿಗಟ್ಟಿದ್ದವು, ಒಂದು ಪಕ್ಕಕ್ಕೆ ಹೊರಳಿತ್ತು. ಮಡಚಲು ಅವಳು ಹೆಣಗುತ್ತಿದ್ದಳು, ಅವು ಮಡಚುತ್ತಿರಲಿಲ್ಲ. ಆ ಕೈ ಅವನಿಗೆ ಚೆನ್ನಾಗಿ ಗೊತ್ತು. ಚಿಕ್ಕವಳಿದ್ದಾಗ ಅವನ ಮಗ್ಗದ ಪಕ್ಕದಲ್ಲಿ ಕುಳಿತು, ಹಾಸಿನ ಎಳೆ ಕಡಿದರೆ ಸಾಕು, ಅಪ್ಪ ಕೇಳುವ ಮುಂಚೆಯೇ ಕೈಚಾಚಿ ಗಂಟು ಹಾಕುತ್ತಿದ್ದಳು. ಗಂಟು ಎಲ್ಲಿದೆಯೆಂದು ನೇಯ್ದ ಮೇಲೆ ಅವನ ಬೆರಳಿಗೂ ಸಿಗುತ್ತಿರಲಿಲ್ಲ. ಮದುವೆಯಲ್ಲಿ ಅವನು ಅತ್ತದ್ದು ಆ ಕೈ ಮಗ್ಗದ ಪಕ್ಕದಲ್ಲಿ ಇನ್ನಿಲ್ಲವೆಂದೇ.

ಕೈಗೆ ಏನಾಯಿತೆಂದು ಕೇಳಿದ.

"ಬಾಗಲಾ ಸಂದ್ಯಾಗ ಹಿಡದು ಮುಚ್ಚಿದ್ರು," ಎಂದಳು ಬನವ್ವ. "ತವರಿಗೆ ಹೊಕ್ಕೀನಿ ಅಂದಿದ್ದೆ. ಹೊಚ್ಚಲಾ ದಾಟೂ ಮುಂದ."

ಹಾಗಿದ್ದರೆ ತವರಿಗೆ ಯಾಕೆ ಬರಲಿಲ್ಲ? ಈ ಮಾತು ಅವನ ಬಾಯಿಂದ ತಾನಾಗಿಯೇ ಹೊರಬಿತ್ತು. ಬನವ್ವ ಸೆರಗನ್ನು ಹಿಂದಕ್ಕೆ ಸರಿಸಿ ಅವನ ಮುಖ ನೋಡಿದಳು. ಕೆನ್ನೆಯ ಮೇಲೆ ಹಳೆಯ ಗಾಯವೊಂದು ಹಳದಿಯಾಗಿತ್ತು.

"ಬಂದಿದ್ದೆ ಯಪ್ಪಾ. ನೀವು ಕಟ್ಟಿ ಮ್ಯಾಲ ಕುಂತಿದ್ರಿ. ಒಳಗ ಬಂದಿದ್ರ ಉಡಿ ತುಂಬತಿದ್ರಿ."

ನಿನ್ನೆ ಸಂಜೆ ತಾನು ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾಗ, ಸೆರಗು ಮುಖಕ್ಕೆಳೆದುಕೊಂಡ ಒಬ್ಬ ಹೆಣ್ಣುಮಗಳು ಮುಂದೆ ನಿಂತಂತೆ ಮಾಡಿ ಹಾದುಹೋದದ್ದು ರಾಚಪ್ಪನಿಗೆ ನೆನಪಾಯಿತು. ಯಾರ ಮನೆಯ ಹುಡುಗಿಯೋ, ಮಠಕ್ಕೆ ಹೊರಟಿರಬೇಕು, ಊರು ಕೆಟ್ಟಿತು ಎಂದುಕೊಂಡು ಅವನು ಮುಖ ತಿರುಗಿಸಿದ್ದ.

ಅವ್ವಾರು ನೆಲದ ಮೇಲೆ ಕುಳಿತು, ಚೆಲ್ಲಿದ ಅಕ್ಕಿಯನ್ನು ಅಂಗೈಯಿಂದ ಮೆಲ್ಲಗೆ ಒಟ್ಟುಗೂಡಿಸತೊಡಗಿದರು. ಹಾಗೆ ಕೂಡಿಸುತ್ತಲೇ, ಯಾರ ಮುಖವನ್ನೂ ನೋಡದೆ ಹೇಳಿದರು.

"ನಿಂಬವ್ವನ್ನ ಬಾವ್ಯಾಗಿಂದ ತಗದಾಗ ಮೈ ತೊಳದಾಕಿ ನಾನು. ಸೆರಗಿನ ಗಂಟು ಹಂಗ ಇತ್ತು. ಬಿಚ್ಚಿದೆ. ನಾ ಕೊಟ್ಟ ಅಕ್ಕಿ, ನೀರಾಗ ಉಬ್ಬಿ ಅನ್ನ ಆಗಿತ್ತು." ಅವರ ಕೈ ಒಂದು ಕ್ಷಣ ನಿಂತಿತು. "ಎಲ್ಲಿಗೆ ಕಳಸ್ತೀರಿ ಅಂತ ನಾ ಕೇಳಿರಲಿಲ್ಲ. ಕೇಳಬೇಕಿತ್ತು. ಅವತ್ತಿನಿಂದ ನನಗ ಅನ್ನ ಗಂಟಲದಾಗ ಇಳೀವಲ್ದು. ಅದನ್ನ ವ್ರತ ಅಂತ ಕರೀಬ್ಯಾಡ್ರಿ."

ಇಷ್ಟು ವರ್ಷ ಊರು ಹಾಡಿ ಹೊಗಳಿದ ವ್ರತ ಇದು. ಪರವೂರಿನಲ್ಲಿ ಅದನ್ನು ಹೇಳಿಕೊಂಡು ಮೆರೆದವರಲ್ಲಿ ರಾಚಪ್ಪನೂ ಒಬ್ಬ. ಅವನು ಕಟ್ಟೆಯ ಮೇಲೆ ಕುಳಿತು ಹೇಳಿದ ಒಂದು ಮಾತಿಗೆ ಒಬ್ಬ ಸಾಧ್ವಿ ಇಷ್ಟು ಕಾಲ ಪ್ರತಿ ಊಟದಲ್ಲೂ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತ ಬಂದಿದ್ದಾರೆ, ಅವನು ಮಾತ್ರ ಹೊಟ್ಟೆ ತುಂಬ ಉಂಡು ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದಾನೆ. ನಿಂಬವ್ವ ಉಡಿ ಒಡ್ಡಿ ನಿಂತಾಗ ಅವಳ ಕೈ ಹೇಗಿತ್ತೆಂದು ಅವನು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅವನು ನೋಡಿಯೇ ಇರಲಿಲ್ಲ.

ತಡವಾಯಿತು, ಬಸ್ಸು ಹೋಗುತ್ತದೆ ಎಂದು ವಿರೂಪಾಕ್ಷಿ ಮುಂದೆ ಬಂದು ಬನವ್ವನ ರಟ್ಟೆಗೆ ಕೈಹಾಕಿದ. ಅವಳು ಸದ್ದಿಲ್ಲದೆ ಕುಗ್ಗಿದಳು. ಆ ಕುಗ್ಗುವಿಕೆಯನ್ನು ರಾಚಪ್ಪ ನೋಡಿದ. ಮರುಕ್ಷಣ ಅವನು ಇಬ್ಬರ ನಡುವೆ ನಿಂತಿದ್ದ.

"ಕೈ ತಗಿ."

ಮಾವನ ಮುಖದಲ್ಲಿ ಅಳಿಯ ಏನು ಕಂಡನೋ, ಕೈ ತೆಗೆದ. ನಾಲ್ಕು ಜನರೆದುರು ಹೆಂಡತಿಯನ್ನು ಬಿಟ್ಟುಹೋಗಲೇ ಎಂದು ಪಂಚರ ಕಡೆ ತಿರುಗಿ ನ್ಯಾಯ ಕೇಳಿದ. ಪಂಚರಲ್ಲಿ ಒಬ್ಬ ಗಂಟಲು ಸರಿಪಡಿಸಿಕೊಂಡು, ರಾಚಪ್ಪಾ, ನೀನೇ ಹೀಗೆ ಮಾಡಿದರೆ ನಾಳೆ ಕಟ್ಟೆಯ ಮೇಲೆ ಯಾವ ಬಾಯಿಂದ ತೀರ್ಪು ಹೇಳುತ್ತೀ ಎಂದ. ರಾಚಪ್ಪ ಪಟಗವನ್ನು ತೆಗೆದು ಪಕ್ಕಕ್ಕಿಟ್ಟು, ಅವ್ವಾರ ಎದುರು ಮಂಡಿಯೂರಿ, ನೆಲದ ಮೇಲಿನ ಅಕ್ಕಿ ಆರಿಸತೊಡಗಿದ. ಆ ಅಕ್ಕಿಯನ್ನು ದಾಟಿ ಮುಂದೆ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ವಿರೂಪಾಕ್ಷಿಯೂ ಇಬ್ಬರು ಪಂಚರೂ ಬಂದ ದಾರಿ ಹಿಡಿದರು. ಬೆಲ್ಲ ನೀರು ಹಾಗೆಯೇ ಉಳಿದಿತ್ತು.

ಮಗಳೇ, ಮನೆಗೆ ನಡಿ ಎಂದು ರಾಚಪ್ಪ ಕೇಳಿಕೊಂಡ. ಇನ್ನು ಯಾರೂ ಉಡಿ ತುಂಬುವುದಿಲ್ಲವೆಂದು ಹೇಳಿದ. ಬನವ್ವ ಅಳಲಿಲ್ಲ, ಅಪ್ಪನ ಕೊರಳಿಗೆ ಬೀಳಲೂ ಇಲ್ಲ. ಈಗ ಒಲ್ಲೆ ಎಂದಳು. ಅವನಿಗೆ ಅದು ಚುಚ್ಚಿತು, ಆದರೆ ಚುಚ್ಚಿದ್ದು ನ್ಯಾಯವಾಗಿಯೇ ಇದೆಯೆಂದು ತಿಳಿಯುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಮರುದಿನ ಬನವ್ವ ಅವ್ವಾರ ಜೊತೆ ಠಾಣೆಗೆ ಹೋಗಿ ಗಂಡನ ಮೇಲೆ ದೂರು ಕೊಟ್ಟಾಗ, ಅಪ್ಪ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಒಳಗೆ ಬಾ ಎಂದು ಅವಳು ಕರೆದಾಗ ಮಾತ್ರ ಒಳಗೆ ಹೋದ.

ಆ ಸಂಜೆ ರಾಚಪ್ಪ ಮತ್ತೆ ಮಠಕ್ಕೆ ಬಂದ. ಕೈಯಲ್ಲಿ ಮುಚ್ಚಿದ ಒಂದು ಬೋಗುಣಿ. ಚೆಲ್ಲಿದ ಆ ಅಕ್ಕಿಯನ್ನೇ ಗುರವ್ವ ತೊಳೆದು ಅನ್ನ ಮಾಡಿದ್ದಳು. ಅವನ ಲೆಕ್ಕ ಸರಳವಾಗಿತ್ತು. ಮಗಳು ಉಳಿದಳು, ತಪ್ಪು ತಿಳಿಯಿತು, ಇನ್ನು ಅವ್ವಾರು ಒಂದು ತುತ್ತು ಉಂಡರೆ ಎಲ್ಲ ತೊಳೆದುಹೋಗುತ್ತದೆ. ಬೋಗುಣಿಯನ್ನು ಅವರ ಮುಂದಿಟ್ಟು ಕೈಮುಗಿದು ಕೇಳಿಕೊಂಡ. ಅವ್ವಾರು ಒಳಗಿನಿಂದ ಬನವ್ವನನ್ನೂ ಇತರ ಹೆಂಗಸರನ್ನೂ ಕರೆದು, ತಮ್ಮ ಕೈಯಾರೆ ಅವರಿಗೆಲ್ಲ ಬಡಿಸಿದರು. ಬೋಗುಣಿ ಬರಿದಾಯಿತು.

"ಬನವ್ವ ಬಂದಾಳ, ರಾಚಪ್ಪಾ," ಎಂದರು. "ನಿಂಬವ್ವ ಬರಂಗಿಲ್ಲ."

ಅಷ್ಟೇ ಮಾತು. ಬೇರೆ ಉಪದೇಶವಿಲ್ಲ, ಕ್ಷಮಿಸಿದೆನೆಂಬ ಮಾತೂ ಇಲ್ಲ. ಅವ್ವಾರು ಮತ್ತೆ ರಾಟೆಯ ಕಡೆ ತಿರುಗಿದರು. ಲಿಂಗೈಕ್ಯರಾಗುವ ತನಕ ಆ ಪುಣ್ಯಜೀವಿ ಅನ್ನ ಮುಟ್ಟಲಿಲ್ಲವೆಂಬುದನ್ನು ಓದುಗರು ಇಲ್ಲಿಯೇ ತಿಳಿಯಬೇಕು. ಕ್ಷಮೆ ಕೊಡುವ ಅಧಿಕಾರ ಇದ್ದದ್ದು ತಮಗಲ್ಲ ಎಂಬುದು ಅವರಿಗೆ ಗೊತ್ತಿತ್ತು.

ರಾಚಪ್ಪ ಬರಿದಾದ ಬೋಗುಣಿ ಹಿಡಿದು ಮಠದಿಂದ ಹೊರಬಿದ್ದವನು ಮನೆಯ ಕಡೆ ತಿರುಗಲಿಲ್ಲ. ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡುತ್ತಿದ್ದ ಸಂದಿಯಲ್ಲಿ ಇಳಿದು ಚಂದವ್ವನ ಗುಡಿಸಲ ಮುಂದೆ ನಿಂತ. ಮುದುಕಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡು ಬೆಚ್ಚಿ, ಇನ್ಯಾವ ತೀರ್ಪು ತಂದಿದ್ದಾನೋ ಎಂದು ಎದ್ದುನಿಂತಳು. ಅವನು ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತು, ತಾನು ಅಂದು ಠಾಣೆಯವರ ಮುಂದೆ ಹೇಳಿದ್ದು ಸುಳ್ಳೆಂದು ಹೇಳಿದ. ಚಂದವ್ವ ಬೈಯಲಿಲ್ಲ. ಹೊತ್ತಿದ ರೊಟ್ಟಿಯನ್ನು ಹೆಂಚಿನಿಂದ ತೆಗೆದಿಟ್ಟಳು. ಇದನ್ನು ನನಗೆ ಹೇಳಿದರೆ ಏನು ಬಂತು, ಹೇಳಬೇಕಾದಲ್ಲಿ ಹೇಳು ಎಂದಳು.

ಅವನು ಠಾಣೆಗೆ ಹೊರಟಿದ್ದಾನೆಂಬ ಸುದ್ದಿ ರಾತ್ರಿಯೇ ಹಬ್ಬಿತು, ಪಂಚರು ಬೆಳಗಾಗುವುದರೊಳಗೆ ಅವನ ಮನೆಗೆ ಬಂದು ಕಾಲು ಹಿಡಿದರು, ಆಮೇಲೆ ಬೆದರಿಸಿದರು. ಅವನ ಖಣವನ್ನೂ ಪೇಟೆಯಲ್ಲಿ ಯಾರೂ ಕೊಳ್ಳದಂತೆ ಮಾಡುವೆವೆಂದರು. ಅದು ಅವನೇ ಕಲಿಸಿಕೊಟ್ಟ ವಿದ್ಯೆ. ಅವನು ಕೇಳಲಿಲ್ಲ. ಇಲ್ಲಿಂದ ಮುಂದೆ ಅವರನ್ನು ರಾಚಪ್ಪನವರು ಎನ್ನಲು ನಮಗೆ ಅಡ್ಡಿಯಿಲ್ಲ.

ರಾಚಪ್ಪನವರು ಚಂದವ್ವನನ್ನು ಕರೆದುಕೊಂಡು ಹಗಲು ಹೊತ್ತಿನಲ್ಲಿ, ಪಂಚರ ಕಟ್ಟೆಯ ಮುಂದಿನಿಂದಲೇ, ತಲೆಗೆ ಪಟಗವಿಲ್ಲದೆ ನಡೆದು ಠಾಣೆಗೆ ಹೋದರು. ಅವ್ವಾರು ಅಂದು ಪೂಜೆಗೆ ಕುಳಿತ ಅದೇ ನೆಲ, ಅದೇ ಫೌಜದಾರ. ನಿಂಬವ್ವ ಜಾರಿ ಬಿದ್ದದ್ದನ್ನು ಯಾರೂ ಕಾಣಲಿಲ್ಲ, ಅವಳ ಮೈಮೇಲಿನ ಏಟನ್ನು ಊರೆಲ್ಲ ಕಂಡಿತ್ತು, ಬಾಯಿ ಮುಚ್ಚಿಸಿದವನು ನಾನು ಎಂದು ರಾಚಪ್ಪನವರು ಹೇಳಿದರು. ಫೌಜದಾರ ಲೇಖನಿ ಕೆಳಗಿಟ್ಟು, ದನಿ ತಗ್ಗಿಸಿ, ವಿಚಾರ ಮಾಡಿರೆಂದ.

"ಹಿರೇರ, ಇದರಾಗ ನಿಮ್ಮ ಹೆಸರೂ ಬರ್ತೈತಿ."

"ಅದನ್ನ ಮೊದಲ ಬರ್ಕೋರಿ," ಎಂದರು ರಾಚಪ್ಪನವರು.

ಗೋಡೆಗೊರಗಿ ನಿಂತಿದ್ದ ಚಂದವ್ವ ಆಗ ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದಳು.